ಹರ್ಮನ್ ಮೋಗ್ಲಿಂಗರು ಮತ್ತು ಕನ್ನಡ ಶಾಲೆಯ ಆರಂಭದ ದಿನಗಳು

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದ ಸಂದರ್ಭದಲ್ಲಿ ಅದರ ಸ್ಥಾಪಕರನ್ನೂ ದಾನಿಗಳನ್ನೂ ಹಿರಿಯ ಉಪಾಧ್ಯಾಯರನ್ನೂ ನೆನೆಯುವುದು ನಮ್ಮ ಸಂಪ್ರದಾಯ. ಆ ಕರ್ತವ್ಯವನ್ನು ಈ ಸಂಪುಟದ ಇತರ ಲೇಖನಗಳು ನೆರವೇರಿಸಿವೆ. ನಾವು ಇಲ್ಲಿ ನೆನೆಯಬಯಸುವವರು ನಮ್ಮ ಪಾಲಕೋಡಿನ ನೆಲದಲ್ಲಿ ಕಾಲಿರಿಸಿದವರೆಂದು ಹೇಳಲಾಗದವರು; ಆದರೂ ಅಚ್ಚಾದ ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದು ಓದುವ ಪ್ರತಿಯೊಂದು ಮಗುವೂ ಯಾರಿಗೆ ಸ್ವಲ್ಪವಾದರೂ ಋಣಿಯಾಗಿದೆಯೋ ಅಂತಹವರು. ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ಲೂಥರನ್ ಮನೆತನದಲ್ಲಿ ಹುಟ್ಟಿ, ಕನ್ನಡ ನಾಡಿನಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು, ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗರೇ ಆ ಮಹನೀಯರು.

ಗಡಿನಾಡಿನ ನಾವು ಮಂಗಳೂರಿನ ಕಥೆಯನ್ನು ಏಕೆ ಹೇಳಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಚರಿತ್ರೆಯಲ್ಲಿಯೇ ಉತ್ತರವಿದೆ. ನಮ್ಮ ಧರ್ಮಪುರಿ, ಪಾಲಕೋಡು, ಕೃಷ್ಣಗಿರಿ, ಹೊಸೂರು ಸೀಮೆಗಳು ಸೇಲಂ ಜಿಲ್ಲೆಯಲ್ಲಿದ್ದಾಗ, ಮಂಗಳೂರನ್ನೊಳಗೊಂಡ ಕೆನರಾ ಜಿಲ್ಲೆಯೂ ಅದೇ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1792ರಲ್ಲಿ ಬಾರಾಮಹಲು ಟಿಪ್ಪು ಸುಲ್ತಾನನ ಕೈಯಿಂದ ಕಂಪನಿಯ ಕೈಗೆ ಬಂದಾಗ ಇಲ್ಲಿ ಕಂದಾಯದ ಕೆಲಸಕ್ಕೆ ಬಂದ ತಾಮಸ್ ಮನ್ರೋ, 1799ರಲ್ಲಿ ಇಲ್ಲಿಂದಲೇ ಕೆನರಾಕ್ಕೆ ಹೋದನು. ಮುಂದೆ ಮದರಾಸಿನ ಗವರ್ನರನಾಗಿ 1822ರಲ್ಲಿ ಪ್ರಾಂತ್ಯದ ಶಾಲೆಗಳ ಲೆಕ್ಕ ಕೇಳಿದವನೂ ಅವನೇ. ಆಗ ದೊರೆತ ಲೆಕ್ಕದಂತೆ ಇಡೀ ಪ್ರಾಂತ್ಯದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರು. ಸುಮಾರು ಒಂದು ಕೋಟಿ ಇಪ್ಪತ್ತೆಂಟು ಲಕ್ಷ ಜನಸಂಖ್ಯೆಗೆ ಇದು ತೀರ ಅಲ್ಪವೆಂದು ಮನ್ರೋವಿಗೇ ತೋರಿತು. ಕೆನರಾ ಜಿಲ್ಲೆಯಿಂದಲಂತೂ ಶಾಲೆಗಳ ಪಟ್ಟಿಯೇ ಬರಲಿಲ್ಲ. ಮೋಗ್ಲಿಂಗರು ಬಂದಿಳಿದದ್ದು ಅಂತಹ ಜಿಲ್ಲೆಗೆ.

ಬಾಲ್ಯ ಮತ್ತು ಹಿನ್ನೆಲೆ

ಮೋಗ್ಲಿಂಗರು 1811ನೆಯ ಮೇ 29ರಂದು ಬ್ರಾಕನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಮಲಯಾಳ ಭಾಷೆಗೆ ನಿಘಂಟನ್ನೂ ವ್ಯಾಕರಣವನ್ನೂ ರಚಿಸಿಕೊಟ್ಟ ಹರ್ಮನ್ ಗುಂಡರ್ಟರು ಅವರ ಆಪ್ತ ಮಿತ್ರರು. ಒಂದೇ ವಿದ್ಯಾಪೀಠದಿಂದ ಬಂದ ಇಬ್ಬರು ಸ್ನೇಹಿತರು ಪಶ್ಚಿಮ ಕರಾವಳಿಯ ಎರಡು ನೆರೆಭಾಷೆಗಳ ಸೇವೆಯಲ್ಲಿ ಆಯುಷ್ಯವನ್ನು ಸವೆಸಿದ್ದು ಒಂದು ಯೋಗಾಯೋಗ.

ಮೋಗ್ಲಿಂಗರ ಮನಸ್ಸನ್ನು ಅರಿಯಬೇಕಾದರೆ ಅವರು ಹುಟ್ಟಿದ ನಾಡಿನ ಶಾಲಾಪದ್ಧತಿಯನ್ನು ತಿಳಿಯಬೇಕು. ಮಾರ್ಟಿನ್ ಲೂಥರರು 1524ರಲ್ಲಿಯೇ ಜರ್ಮನಿಯ ಪಟ್ಟಣಗಳ ಆಡಳಿತಗಾರರಿಗೆ ಬಹಿರಂಗ ಪತ್ರ ಬರೆದು ಶಾಲೆಗಳನ್ನು ಸ್ಥಾಪಿಸಬೇಕೆಂದು ಒತ್ತಾಯಿಸಿದ್ದರು. ಧರ್ಮಗ್ರಂಥವನ್ನು ಪ್ರತಿಯೊಬ್ಬನೂ ತನ್ನ ತಾಯ್ನುಡಿಯಲ್ಲಿ ತಾನೇ ಓದಬೇಕೆಂಬುದು ಅವರ ಮತ. ಹಾಗೆ ಓದಬೇಕಾದರೆ ರೈತನ ಮಗನೂ ಮಗಳೂ ಅಕ್ಷರ ಕಲಿಯಲೇಬೇಕು. ಈ ವಿಚಾರದಿಂದಲೇ ಪ್ರತಿ ಸಭೆಗೂ ಒಂದು ಶಾಲೆ, ಪ್ರತಿ ಗ್ರಾಮಕ್ಕೂ ಒಬ್ಬ ಉಪಾಧ್ಯಾಯ ಎಂಬ ಏರ್ಪಾಡು ಬೆಳೆಯಿತು. ವ್ಯುರ್ಟೆಂಬರ್ಗಿನಲ್ಲಿ 1559ರ ಚರ್ಚಿನ ಕಟ್ಟಳೆ ಹಳ್ಳಿಯ ಶಾಲೆಗಳಿಗೆ ಸ್ಥಾನವನ್ನು ಕೊಟ್ಟಿತು. 1649ರಲ್ಲಿ ಶಾಲೆಗೆ ಹೋಗುವುದು ಕಡ್ಡಾಯವಾಯಿತು. ಭಾರತದಲ್ಲಿ ಲೂಥರನ್ನರ ಇಂತಹ ಶಾಲೆಗಳಿಗೆ ನಾಂದಿಯಾದುದು ತಮಿಳು ಸೀಮೆಯ ತರಂಗಂಬಾಡಿಯಲ್ಲಿ. 1706ರಲ್ಲಿ ಅಲ್ಲಿಗೆ ಬಂದ ಸೀಗನ್‌ಬಾಲ್ಗರು ತಮಿಳನ್ನು ಕಲಿತು, ತಮಿಳಿನಲ್ಲಿಯೇ ಪಾಠ ಹೇಳುವ ಶಾಲೆಗಳನ್ನು ತೆರೆದು, ಹೆಣ್ಣು ಮಕ್ಕಳನ್ನೂ ಕೂರಿಸಿಕೊಂಡು, ಕೆಲವೇ ವರ್ಷಗಳಲ್ಲಿ ಅಚ್ಚುಕೂಟವನ್ನೂ ಸ್ಥಾಪಿಸಿದರು. ಶಾಲೆ, ತಾಯ್ನುಡಿ, ಅಚ್ಚುಕೂಟ ಎಂಬ ಈ ಮೂರನ್ನು ಜೊತೆಗೂಡಿಸಿದ ಮಾದರಿಯೇ ನೂರಮೂವತ್ತು ವರ್ಷಗಳ ತರುವಾಯ ಕನ್ನಡ ಕರಾವಳಿಯಲ್ಲಿ ಮತ್ತೆ ಕಾಣಿಸಿಕೊಂಡಿತು.

ಮಂಗಳೂರಿಗೆ ಆಗಮನ

ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯಲ್ಲಿ ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ ಕೆಲಸ ಮಾಡುತ್ತಿದ್ದರು. ಅದರ ಕಾರ್ಯಕರ್ತರಲ್ಲಿ ಹೆಚ್ಚಿನವರು ವ್ಯುರ್ಟೆಂಬರ್ಗಿನ ರೈತರ ಹಾಗೂ ಕುಶಲಕರ್ಮಿಗಳ ಮಕ್ಕಳು. ಬ್ರಿಟಿಷರಲ್ಲದ ಮಿಶನರಿಗಳಿಗೂ ಭಾರತದ ಬಾಗಿಲನ್ನು ತೆರೆದ 1833ರ ಶಾಸನದ ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮೋಗ್ಲಿಂಗರು ಬಂದದ್ದು 1836ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ. ಅದೇ ಸುಮಾರಿಗೆ ಮಂಗಳೂರಿನಲ್ಲಿ ಮಿಶನ್ನಿನ ಕನ್ನಡ ಶಾಲೆ ಆರಂಭವಾಯಿತು.

ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಶಾಲೆಯೇ ಇರಲಿಲ್ಲವೆಂದು ತಿಳಿಯಬಾರದು. ಐಗಳ ಮಠಗಳಿದ್ದವು. ಜಗಲಿಯ ಮೇಲೆ ಮರಳನ್ನು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುವುದು, ಓಲೆಗರಿಯಿಂದ ಪದ್ಯಗಳನ್ನು ಬಾಯಿಪಾಠ ಮಾಡುವುದು ಅಲ್ಲಿನ ಕ್ರಮ. ಜ್ಞಾಪಕಶಕ್ತಿಯನ್ನು ಬೆಳೆಸುವುದರಲ್ಲಿ ಆ ಕ್ರಮಕ್ಕೆ ಸಾಟಿಯಿಲ್ಲ. ಆದರೆ ಎರಡು ಕೊರತೆಗಳಿದ್ದವು. ಮಗುವಿನ ಕೈಗೆ ಕೊಡಲು ಪುಸ್ತಕವಿರಲಿಲ್ಲ. ಜಗಲಿಯನ್ನು ಏರಲು ಎಲ್ಲ ಮಕ್ಕಳಿಗೂ ಅಧಿಕಾರವಿರಲಿಲ್ಲ. ಊರ ಹೊರಗಿನ ಕೇರಿಯ ಮಗುವಿಗೂ ಹೆಣ್ಣು ಮಗುವಿಗೂ ಆ ಜಗಲಿ ಬಹುಮಟ್ಟಿಗೆ ಮುಚ್ಚಿದ ಬಾಗಿಲಾಗಿತ್ತು. ಮೋಗ್ಲಿಂಗರ ಜೀವಮಾನದ ಕಾರ್ಯವನ್ನೆಲ್ಲ ಈ ಎರಡು ಕೊರತೆಗಳ ಸುತ್ತ ಜೋಡಿಸಿ ನೋಡಬಹುದು.

ಕನ್ನಡವನ್ನು ಅವರು ಕಲಿತದ್ದು ಕೋಣೆಯಲ್ಲಿ ಕುಳಿತಲ್ಲ. ಮಂಗಳೂರಿನಿಂದ ಘಟ್ಟವನ್ನೇರಿ ಧಾರವಾಡ, ಹುಬ್ಬಳ್ಳಿಗಳಲ್ಲಿದ್ದು ಜನರ ನಡುವೆ ಓಡಾಡಿದರು; ಮಠಗಳವರೊಡನೆಯೂ ಒಕ್ಕಲಿಗರೊಡನೆಯೂ ಮಾತನಾಡಿದರು; ಗಾದೆಗಳನ್ನು ಬರೆದಿಟ್ಟುಕೊಂಡರು. ಹಳ್ಳಿಗನ ನಾಲಗೆಯ ಮೇಲಿರುವ ಗಾದೆಯಲ್ಲಿ ಆ ಜನರ ಬುದ್ಧಿಯೂ ವಿನೋದವೂ ನೋವೂ ಅಡಗಿವೆಯೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಆ ಸಂಗ್ರಹ ಮುಂದೆ ಪುಸ್ತಕವಾಗಿ ಪ್ರಕಟವಾಯಿತು.

ಬಲ್ಮಠದ ಗುರುಕುಲ

ಘಟ್ಟದ ಮೇಲಿನಿಂದ ಮಂಗಳೂರಿಗೆ ಹಿಂದಿರುಗಿದ ಮೋಗ್ಲಿಂಗರು ಹುಡುಗರ ವಸತಿಶಾಲೆಯ ಭಾರವನ್ನು ಹೊತ್ತರು. ಬಲ್ಮಠದ ಗುಡ್ಡದ ಮೇಲೆ ಅವರು ನಡೆಸಿದ ಈ ಶಾಲೆ ಅವರಿಗೆ ಪ್ರಾಣಸಮಾನವಾಗಿತ್ತು. ಆ ಕಾಲದ ಯೂರೋಪಿಯನ್ನರ ಬದುಕಿಗೂ ಊರ ಜನರ ಬದುಕಿಗೂ ನಡುವೆ ಇದ್ದ ಗೋಡೆಯನ್ನು ಅವರು ಸಹಿಸಲಿಲ್ಲ. ಹುಡುಗರೊಡನೆ ಬೆರೆತು, ಅವರು ಉಣ್ಣುವುದನ್ನೇ ಉಂಡು, ಆದಷ್ಟು ಸರಳವಾಗಿ ಬಾಳಲು ಯತ್ನಿಸಿದರು. ಗುರುವಿನ ಬದುಕು ಶಿಷ್ಯನಿಗೆ ಎಟುಕದಷ್ಟು ದೂರದಲ್ಲಿದ್ದರೆ ಅವನ ಮಾತೂ ದೂರವೇ ಉಳಿಯುತ್ತದೆಂಬುದು ಅವರ ನಂಬಿಕೆ. ಸಹೋದ್ಯೋಗಿಗಳಲ್ಲಿ ಎಲ್ಲರೂ ಇದನ್ನು ಮೆಚ್ಚಲಿಲ್ಲ. ಬಾಸೆಲಿನ ಆಡಳಿತ ಮಂಡಳಿಯೊಡನೆಯೂ ಅವರಿಗೆ ಆಗಾಗ ಭಿನ್ನಾಭಿಪ್ರಾಯಗಳು ಬಂದವು. ಈ ಗುಡ್ಡದ ಮೇಲೆಯೇ 1847ರಲ್ಲಿ ಉಪದೇಶಕರ ತರಬೇತಿಯ ಸೆಮಿನರಿ ನೆಲೆಗೊಂಡಿತು. ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಅದರ ಉತ್ತರಾಧಿಕಾರಿ.

ಬಲ್ಮಠದಂತಹ ಕೇಂದ್ರದಲ್ಲಿ ಕಲಿತು ಹೊರಬಂದವರೇ ಹಳ್ಳಿಗಳ ಸಭಾಶಾಲೆಗಳಿಗೆ ಉಪಾಧ್ಯಾಯರಾದರು. ಸಭಾಶಾಲೆಯೆಂದರೆ ದೊಡ್ಡ ಕಟ್ಟಡವಲ್ಲ. ಹುಲ್ಲು ಹೊದಿಸಿದ ಒಂದು ಮಾಡು, ಒಬ್ಬ ಉಪಾಧ್ಯಾಯ, ವಯಸ್ಸಿನ ಭೇದವಿಲ್ಲದೆ ಒಟ್ಟಿಗೆ ಕುಳಿತ ಮಕ್ಕಳು. ಓದು, ಬರಹ, ಲೆಕ್ಕ, ಹಾಡು ಮತ್ತು ಧರ್ಮಪಾಠ. ಹಗಲು ಪಾಠ ಹೇಳುವವನೇ ಭಾನುವಾರ ಪ್ರಾರ್ಥನೆಯನ್ನೂ ನಡೆಸುವನು. ಬಿತ್ತನೆಯ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಮಕ್ಕಳು ಹೊಲಕ್ಕೆ ಹೋಗಿಬಿಡುವರು. ನಮ್ಮ ಪಾಲಕೋಡಿನ ಸುತ್ತಲಿನ ಹಳ್ಳಿಗಳಲ್ಲಿ ಪಾಠ ಹೇಳಿದ ಉಪಾಧ್ಯಾಯರಿಗೆ ಈ ಚಿತ್ರ ಅಪರಿಚಿತವೆನಿಸಲಾರದು.

ಒಂದು ಬಿರುಗಾಳಿ

ಮೋಗ್ಲಿಂಗರ ಚರಿತ್ರೆಯನ್ನು ಬರೆಯುವವರು ಮುಚ್ಚಿಡಬಾರದ ಒಂದು ಸಂಗತಿಯುಂಟು. ಅವರು ಬಂದದ್ದು ಧರ್ಮಪ್ರಚಾರಕ್ಕಾಗಿ. ಶಾಲೆಯನ್ನು ಆ ಕಾರ್ಯದ ಅಂಗವೆಂದೇ ಅವರು ಭಾವಿಸಿದ್ದರು. ಮಂಗಳೂರಿನ ಗಣ್ಯ ಮನೆತನಗಳವರು ಸರಕಾರಿ ಉದ್ಯೋಗದ ಆಸೆಯಿಂದ ಮಕ್ಕಳನ್ನು ಮಿಶನ್ನಿನ ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿದ್ದರು. ಅಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ಇಬ್ಬರು ಸಂಗಡಿಗರೊಡನೆ ಕ್ರೈಸ್ತಮತವನ್ನು ಸ್ವೀಕರಿಸಿದರು. ಊರು ತಲ್ಲಣಿಸಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ಕೌಂಡಿನ್ಯರ ಪತ್ನಿ ಅವರೊಡನೆ ಬರಲಿಲ್ಲ. ಬಂಧುಗಳ ಸಂಬಂಧವೂ ಕಡಿದುಹೋಯಿತು.

ಈ ಘಟನೆಯನ್ನು ಯಾವ ಕಡೆಯಿಂದ ನೋಡಿದರೂ ನೋವೇ ಕಾಣುತ್ತದೆ. ವಿದ್ಯೆಗೆಂದು ಕಳುಹಿಸಿದ ಮಗ ಮನೆಗೆ ಎರವಾದನೆಂಬ ತಾಯಿಯ ದುಃಖ ಸುಳ್ಳಲ್ಲ. ತನ್ನ ಅಂತಃಸಾಕ್ಷಿಯಂತೆ ನಡೆಯಲು ಸರ್ವಸ್ವವನ್ನೂ ತೊರೆದ ತರುಣನ ನಿಶ್ಚಯವೂ ಸುಳ್ಳಲ್ಲ. ಶಾಲೆಯೆಂಬುದು ಊರಿನ ವಿಶ್ವಾಸದ ಮೇಲೆ ನಿಂತಿರುವ ಸಂಸ್ಥೆ. ಆ ವಿಶ್ವಾಸ ಕದಲಿದರೆ ಒಳ್ಳೆಯ ಪಾಠವೂ ಬರಿದಾದ ಕೋಣೆಗಳಲ್ಲಿ ಪ್ರತಿಧ್ವನಿಸಬೇಕಾಗುತ್ತದೆ. ನಾವು ಮೋಗ್ಲಿಂಗರ ವಿದ್ಯಾಸೇವೆಯನ್ನು ಗೌರವಿಸುವಾಗ ಆ ಕಾಲದ ತಂದೆತಾಯಿಗಳ ಭಯವನ್ನೂ ಗೌರವದಿಂದಲೇ ನೆನೆಯಬೇಕು. ಕೌಂಡಿನ್ಯರನ್ನು ಮೋಗ್ಲಿಂಗರು ಕೈಬಿಡಲಿಲ್ಲ. ತಾವು ಯೂರೋಪಿಗೆ ಹೋದಾಗ ಜೊತೆಯಲ್ಲಿ ಕರೆದೊಯ್ದರು. ಕೌಂಡಿನ್ಯರು ಬಾಸೆಲಿನಲ್ಲಿ ಅಭ್ಯಾಸ ಮಾಡಿ 1851ರಲ್ಲಿ ದೀಕ್ಷೆ ಪಡೆದು, ಮಂಗಳೂರಿಗೆ ಮರಳಿ ಬಲ್ಮಠದಲ್ಲಿಯೇ ಬೋಧಕರಾಗಿ ದುಡಿದರು.

ಮತಾಂತರ ಹೊಂದಿದ ಬಡವರಿಗೆ ಇನ್ನೊಂದು ಬಗೆಯ ಕಷ್ಟ ಬಂದಿತು. ಜಾತಿಯಿಂದ ಹೊರಗಾದವನಿಗೆ ಕುಲಕಸುಬೂ ತಪ್ಪುತ್ತಿತ್ತು, ಒಕ್ಕಲಿನ ಭೂಮಿಯೂ ತಪ್ಪುತ್ತಿತ್ತು. ಆದುದರಿಂದಲೇ ಮಿಶನ್ನಿನವರು ಅಚ್ಚುಕೂಟ, ನೇಯ್ಗೆ, ಮುಂದೆ 1865ರಲ್ಲಿ ಹಂಚಿನ ಕಾರ್ಖಾನೆ ಮುಂತಾದ ಉದ್ಯೋಗಗಳನ್ನು ಕಲ್ಪಿಸಿದರು. ನಮ್ಮ ನಾಡಿನ ಮನೆಗಳ ಮೇಲೆ ಹೊದಿಸಿದ ಮಂಗಳೂರು ಹಂಚಿನ ಹಿಂದೆ ಈ ಕಥೆಯಿದೆ.

ಅಚ್ಚಿನ ಕಲ್ಲು ಮತ್ತು ಪತ್ರಿಕೆ

ಮಿಶನ್ನಿನ ಮುದ್ರಣಾಲಯ ಮಂಗಳೂರಿನಲ್ಲಿ 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯ ಬರಹವನ್ನು ಮೂಡಿಸಿ, ಕಲ್ಲನ್ನು ತೇವ ಮಾಡಿ, ಶಾಯಿಯನ್ನು ಉರುಳಿಸಿದರೆ ಬರಹವಿರುವಲ್ಲಿ ಮಾತ್ರ ಶಾಯಿ ಅಂಟುತ್ತದೆ. ಕಾಗದವನ್ನು ಒತ್ತಿ ತೆಗೆದರೆ ಪುಟ ಸಿದ್ಧ. ಒತ್ತಕ್ಷರಗಳೂ ಗುಣಿತಾಕ್ಷರಗಳೂ ತುಂಬಿದ ಕನ್ನಡಕ್ಕೆ ಅಚ್ಚುಮೊಳೆಗಳನ್ನು ಎರಕ ಹೊಯ್ಯುವುದು ಶ್ರಮದ ಕೆಲಸವಾಗಿದ್ದ ಆ ದಿನಗಳಲ್ಲಿ ಕಲ್ಲಚ್ಚು ಒಳ್ಳೆಯ ಉಪಾಯವಾಯಿತು. ಒಳ್ಳೆಯ ಕೈಬರಹದ ಲಿಪಿಕಾರನೊಬ್ಬನಿದ್ದರೆ ಸಾಕಾಗಿತ್ತು.

ಈ ಕಲ್ಲಿನಿಂದಲೇ 1843ನೆಯ ಜುಲೈ 1ರಂದು ಮಂಗಳೂರ ಸಮಾಚಾರ ಹೊರಬಂದಿತು. ಮೋಗ್ಲಿಂಗರೇ ಸಂಪಾದಕರು. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ಆ ನಾಲ್ಕು ಪುಟಗಳಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಅನ್ಯರಾಜ್ಯಗಳ ಸುದ್ದಿ, ಕಥೆಗಳು, ದಾಸರ ಹಾಡುಗಳು ಇರುತ್ತಿದ್ದವು. ಅದುವರೆಗೆ ಸುದ್ದಿಯೆಂಬುದು ಸಂತೆಯಿಂದ ಸಂತೆಗೆ ಬಾಯಿಯ ಮೇಲೆ ಹೋಗುತ್ತಿದ್ದ ವಸ್ತು. ಹೋದಂತೆ ರೂಪ ಬದಲಿಸುವ ವಸ್ತು. ಅದನ್ನು ಸರಳ ಗದ್ಯದಲ್ಲಿ ಅಚ್ಚುಮಾಡಿ ಎಲ್ಲರ ಮುಂದಿಟ್ಟದ್ದು ಕನ್ನಡಿಗರಿಗೆ ಹೊಸ ಅನುಭವ. ಓದುಗರ ಬೇಡಿಕೆ ಬೆಳೆದು, ಮರುವರ್ಷ ಪತ್ರಿಕೆಯ ಮುದ್ರಣ ಅಚ್ಚುಮೊಳೆಗಳಿದ್ದ ಬಳ್ಳಾರಿಗೆ ಹೋಯಿತು. ಹೆಸರೂ ಕನ್ನಡ ಸಮಾಚಾರವೆಂದಾಯಿತು. ಒಂದು ಊರಿನ ಹೆಸರಿನ ಸ್ಥಾನದಲ್ಲಿ ಇಡೀ ಭಾಷೆಯ ಹೆಸರು ಬಂದದ್ದು ಗಮನಾರ್ಹ. ಮದರಾಸು, ಮುಂಬಯಿ, ಮೈಸೂರು, ಹೈದರಾಬಾದುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರನ್ನು ಒಂದೇ ಓದುಗ ಬಳಗವೆಂದು ಕಂಡ ಮೊದಲಿಗರಲ್ಲಿ ಮೋಗ್ಲಿಂಗರೂ ಒಬ್ಬರು. ಪತ್ರಿಕೆ ದೀರ್ಘಕಾಲ ಬಾಳಲಿಲ್ಲ. ಆದರೆ ಜುಲೈ 1 ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಣೆಯಲ್ಲಿದೆ.

ಕಾವ್ಯಗಳ ಪ್ರಕಟಣೆ

ಅಕ್ಷರ ಕಲಿತ ಹುಡುಗನು ಮುಂದೇನು ಓದಬೇಕು? ಈ ಪ್ರಶ್ನೆಗೆ ಮೋಗ್ಲಿಂಗರು ಕೊಟ್ಟ ಉತ್ತರವೇ ಅವರ ಮಹತ್ತರ ಕಾರ್ಯ. ಕನ್ನಡದ ಮಹಾಕೃತಿಗಳು ಆಗ ಓಲೆಗರಿಯ ಕಟ್ಟುಗಳಲ್ಲಿ, ಮಠಮನೆಗಳ ಪೆಟ್ಟಿಗೆಗಳಲ್ಲಿ ಇದ್ದವು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಎಂಬವರು ಇವುಗಳ ಪ್ರಕಟಣೆಗೆ ಧನಸಹಾಯ ನೀಡಲು ಮುಂದಾದರು. 1848ರಿಂದ 1853ರವರೆಗೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮುಂತಾದವು ಮಂಗಳೂರಿನ ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಬಂದವು.

ಇಲ್ಲಿ ನಾವು ಕ್ಷಣಕಾಲ ನಿಂತು ಯೋಚಿಸಬೇಕು. ಕ್ರೈಸ್ತಮತ ಪ್ರಚಾರಕರೊಬ್ಬರು ವೀರಶೈವ ಪುರಾಣಗಳನ್ನೂ ವೈಷ್ಣವ ದಾಸರ ಹಾಡುಗಳನ್ನೂ ಅಚ್ಚುಮಾಡಿಸಿದರು. ಜನರ ಮನಸ್ಸನ್ನು ಅರಿಯದೆ ಅವರಿಗೆ ಏನನ್ನೂ ಬೋಧಿಸಲಾಗದು ಎಂಬ ಪ್ರಯೋಜನದೃಷ್ಟಿ ಇದರ ಹಿಂದೆ ಇದ್ದುದು ನಿಜ. ಆದರೆ ಬರಿಯ ಪ್ರಯೋಜನದೃಷ್ಟಿಯಿಂದ ಇಷ್ಟು ಶ್ರಮ ಸಾಧ್ಯವಿಲ್ಲ. ಪ್ರತಿಗಳನ್ನು ಹುಡುಕಿ ತರಿಸಿ, ಪಂಡಿತರನ್ನು ಕೂರಿಸಿಕೊಂಡು ಪಾಠವನ್ನು ಹೋಲಿಸಿ, ಪುಟಗಟ್ಟಲೆ ಬರೆಯಿಸಿ ಅಚ್ಚಿಗೆ ಕೊಟ್ಟವರಿಗೆ ಆ ಕಾವ್ಯಗಳ ಮೇಲೆ ಪ್ರೀತಿ ಹುಟ್ಟಿತ್ತು. ಮುಂದೆ ಜರ್ಮನಿಗೆ ಮರಳಿದ ಮೇಲೂ ಅವರು ಕನ್ನಡ ಪದ್ಯಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದಕ್ಕೆ ಸಾಕ್ಷಿ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ನೀಡಿ ಅವರ ಕನ್ನಡ ಸೇವೆಯನ್ನು ಮನ್ನಿಸಿತು.

ಕೊಡಗಿನಲ್ಲಿ

1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹೋದರು. ಆ ನಾಡು ಕಂಪನಿಯ ಆಳ್ವಿಕೆಗೆ ಬಂದು ಆಗ ಇಪ್ಪತ್ತು ವರ್ಷಗಳೂ ಆಗಿರಲಿಲ್ಲ. ಅಲ್ಲಿಯ ಜನಜೀವನವನ್ನೂ ಇತಿಹಾಸವನ್ನೂ ಕುರಿತು ಅವರು 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕೊಡಗಿನ ಅರಸರ ಚರಿತ್ರೆಯಾದ ರಾಜೇಂದ್ರನಾಮೆಯ ಕನ್ನಡ ಪಾಠವನ್ನು ಅಚ್ಚಿಗೆ ತಂದರು. ಅಲ್ಲಿ ಅವರ ಮನಸ್ಸನ್ನು ಹೆಚ್ಚು ಕಲಕಿದ್ದು ಹೊಲೆಯರ ಸ್ಥಿತಿ. ತಲೆಮಾರುಗಳಿಂದ ಒಡೆಯರ ಗದ್ದೆಗಳಿಗೆ ಕಟ್ಟುಬಿದ್ದ ಆ ಜನರಿಗೆ ಕಾನೂನಿನ ಬಿಡುಗಡೆ ಬಂದಿದ್ದರೂ ನಿಲ್ಲಲು ನೆಲವಿರಲಿಲ್ಲ. ಅವರಿಗಾಗಿ ಏರ್ಪಟ್ಟ ವಸತಿಗೆ ಆನಂದಪುರವೆಂದು ಹೆಸರಾಯಿತು. ಅದು ಆನಂದರಾವ್ ಕೌಂಡಿನ್ಯರ ಹೆಸರು. ಮಂಗಳೂರಿನ ಶಾಲೆಯನ್ನು ಬರಿದು ಮಾಡಿದ ಘಟನೆಯ ನಾಯಕನ ಹೆಸರಿನಲ್ಲಿಯೇ, ಎಂದೂ ಶಾಲೆಯ ಮುಖ ಕಾಣದಿದ್ದ ಮಕ್ಕಳ ಊರೊಂದು ಹುಟ್ಟಿತು. ಅಲ್ಲಿ ಪ್ರಾರ್ಥನಾಮಂದಿರವೂ ಶಾಲೆಯೂ ತೋಟದ ಕೆಲಸವೂ ಒಂದೇ ಆವರಣದಲ್ಲಿ ನಡೆದವು. ಹಳ್ಳಿಯ ಸಭಾಶಾಲೆಯ ನಿಜವಾದ ಅರ್ಥವನ್ನು ಆನಂದಪುರದಲ್ಲಿ ಕಾಣಬಹುದು: ದುಡಿಯುವವನಿಗೆ ಬಾಳಲು ನೆಲ, ಅವನ ಮಗುವಿಗೆ ಕಲಿಯಲು ಅಕ್ಷರ.

ಕೊನೆಯ ದಿನಗಳು

ಅನಾರೋಗ್ಯದ ನಿಮಿತ್ತ 1860ರಲ್ಲಿ ಮೋಗ್ಲಿಂಗರು ಪತ್ನಿ ಪೌಲೀನಾರೊಡನೆ ತಾಯ್ನಾಡಿಗೆ ಮರಳಿದರು. ಮತ್ತೆ ಕನ್ನಡ ನಾಡನ್ನು ಕಾಣುವ ಯೋಗ ಅವರಿಗೆ ಬರಲಿಲ್ಲ. ಆದರೆ ಅವರ ಕಾರ್ಯವನ್ನು ಮುಂದುವರಿಸುವವರು ಇದ್ದರು. 1853ರಲ್ಲಿ ಬಂದ ತರುಣ ಫರ್ಡಿನಾಂಡ್ ಕಿಟ್ಟಲರು ಮೋಗ್ಲಿಂಗರ ದಾರಿಯನ್ನೇ ಹಿಡಿದು ಶಬ್ದಗಳನ್ನು ಸಂಗ್ರಹಿಸತೊಡಗಿದ್ದರು. ಕಿಟ್ಟಲರ ಹಂಬಲಕ್ಕೆ ದೂರದಿಂದಲೂ ಬೆಂಬಲ ನೀಡಿದವರಲ್ಲಿ ಮೋಗ್ಲಿಂಗರು ಪ್ರಮುಖರು. ಸುಮಾರು 70,000 ಶಬ್ದಗಳ ಆ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅದನ್ನು ನೋಡಲು ಮೋಗ್ಲಿಂಗರು ಉಳಿದಿರಲಿಲ್ಲ. 1881ನೆಯ ಮೇ 10ರಂದು, ಎಪ್ಪತ್ತು ವರ್ಷ ತುಂಬಲು ಕೆಲವೇ ದಿನಗಳಿರುವಾಗ, ಎಸ್ಲಿಂಗನ್ ಪಟ್ಟಣದಲ್ಲಿ ಅವರು ಕಾಲವಾದರು.

ನಮಗೆ ಉಳಿದಿರುವುದು

ಮೋಗ್ಲಿಂಗರ ಬಾಳನ್ನು ಹೀಗೆ ಅವಲೋಕಿಸಿದಾಗ, ಭಾಷೆಯೊಂದು ಶಾಲೆಯಲ್ಲಿ ಉಳಿಯಬೇಕಾದರೆ ಏನೇನು ಬೇಕೆಂಬುದು ನಮಗೆ ಸ್ಪಷ್ಟವಾಗುತ್ತದೆ. ಅಭಿಮಾನವೊಂದೇ ಸಾಲದು. ಮಗುವಿನ ಕೈಗೆ ಪುಸ್ತಕ ಬೇಕು, ಹೊರಗಿನ ಲೋಕದ ಸುದ್ದಿ ಆ ಭಾಷೆಯಲ್ಲಿ ಬರಬೇಕು, ಹಿರಿಯರ ಕಾವ್ಯ ಕೈಗೆಟುಕಬೇಕು, ಬಾಗಿಲು ಎಲ್ಲ ಕೇರಿಗಳ ಮಕ್ಕಳಿಗೂ ತೆರೆದಿರಬೇಕು, ಪಾಠ ಹೇಳುವವನು ಮಕ್ಕಳ ನಡುವೆ ಬಾಳಬೇಕು. ಇವುಗಳಲ್ಲಿ ಒಂದೊಂದನ್ನೂ ಅವರು ತಮ್ಮ ಕೈಯಿಂದಲೇ ಮಾಡಿ ತೋರಿಸಿದರು.

ನಮ್ಮ ಗಡಿನಾಡಿನ ಪರಿಸ್ಥಿತಿ ನಮಗೆ ತಿಳಿಯದುದಲ್ಲ. ಮನೆಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ತಮಿಳು, ಉದ್ಯೋಗದ ಅರ್ಜಿಯಲ್ಲಿ ಇಂಗ್ಲಿಷು ಎಂಬ ಬದುಕಿನಲ್ಲಿ ನಮ್ಮ ಮಕ್ಕಳು ಬೆಳೆಯುತ್ತಿದ್ದಾರೆ. ತಮಿಳು ನಮಗೆ ಅನ್ನ ಕೊಡುವ ನೆಲದ ನುಡಿ. ಅದನ್ನು ಚೆನ್ನಾಗಿ ಕಲಿಯುವುದು ನಮ್ಮ ಧರ್ಮ. ಇಂಗ್ಲಿಷನ್ನು ಬೇಡವೆನ್ನಲೂ ಆಗದು. ಆದರೆ ತಾಯಿಯ ಮಾತಿನಲ್ಲಿ ಮೊದಲ ಅಕ್ಷರವನ್ನು ತಿದ್ದಿದ ಮಗು ಉಳಿದ ಭಾಷೆಗಳನ್ನೂ ಗಟ್ಟಿಯಾಗಿ ಕಲಿಯಬಲ್ಲದೆಂಬುದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೇ ತೋರಿಸಿಕೊಟ್ಟಿದ್ದಾರೆ. ಪರದೇಶದಿಂದ ಬಂದು, ವಯಸ್ಸಾದ ಮೇಲೆ ಕನ್ನಡದ ಅ ಆ ಇ ಈ ಕಲಿತವರು ಈ ಭಾಷೆಗಾಗಿ ಅಷ್ಟು ದುಡಿದರೆಂಬುದನ್ನು ನೆನೆದಾಗ, ಈ ನುಡಿಯನ್ನು ತಾಯಿಯ ಮಡಿಲಿನಲ್ಲಿಯೇ ಪಡೆದ ನಮ್ಮ ಹೊಣೆ ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ.

ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಶಾಲೆಗೆ ಬರುವ ಪ್ರತಿಯೊಂದು ಹೊಸ ಮಗುವಿನ ಕೈಗೂ ಒಂದು ಕನ್ನಡ ಪುಸ್ತಕವನ್ನು, ಪಠ್ಯಪುಸ್ತಕವಲ್ಲದ ಒಂದು ಕಥೆಯ ಅಥವಾ ಹಾಡಿನ ಪುಸ್ತಕವನ್ನು, ಇಡಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿಯೂ ಪೋಷಕರಲ್ಲಿಯೂ ನಾವು ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇವೆ.